ರವಿವಾರ ನಿನ್ನನ್ನು ಕರೆಯಲು ಬರುತ್ತೇವೆ

ದಾಂಡೇಲಿ
ಸೋಮವಾರ

ನಮ್ಮ ಬೆಂಚಿನ ನಾಲ್ಕನೆಯ ಪಾಲುದಾರಳಾದ ಉಮಾಶ್ರೀಗೆ,

ಕೈಯಲ್ಲಿ ಫೋನಿರುವಾಗ ಇವನಿಗೇಕೆ ಪತ್ರದ ಹುಚ್ಚು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ‘ಆತು, ನೋಡೂಣು’ ಎಂದು ಇಟ್ಟುಬಿಡುತ್ತೀ. ಒಂದು ವರ್ಷದಿಂದ ಈ ‘ನೋಡೂಣು’ ಕೇಳಿ ಕೇಳಿ ಕಿವಿ ತುಂಬಿದೆ, ನೋಡಿದ್ದು ಮಾತ್ರ ಏನೂ ಇಲ್ಲ. ಪತ್ರವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅಂಗಡಿಯಲ್ಲಿ ಗಿರಾಕಿ ಇದ್ದರೆ ಕಳಿಸಿ, ಒಂದು ಕಡೆ ಕೂತು ಓದು.

ಲೋಕದಲ್ಲಿ ಜನ ರೈಲು ಹತ್ತಲು ಸ್ಟೇಷನ್ನಿಗೆ ಹೋಗುತ್ತಾರೆ. ನಾವು ನಾಲ್ವರು ಮಾತ್ರ ರೈಲು ಬಿಡಲು ಹೋಗುತ್ತಿದ್ದೆವು. ಮುಂಡಗೋಡದಿಂದ ರುದ್ರೇಶ, ಜೋಯಿಡಾದಿಂದ ರೂಪಾಲಿ, ಹಳಿಯಾಳದಿಂದ ನೀನು, ದಾಂಡೇಲಿಯಿಂದ ನಾನು, ಎಲ್ಲರೂ ಬಸ್ಸಿನಲ್ಲೇ ಧಾರವಾಡಕ್ಕೆ ಬಂದು, ಪ್ಲಾಟ್‌ಫಾರ್ಮ್ ಟಿಕೆಟು ತೆಗೆಸಿ, ತುದಿಯ ಆ ಸಿಮೆಂಟಿನ ಬೆಂಚಿನ ಮೇಲೆ ಕೂಡುವುದು. ಕಾಲೇಜಿನಲ್ಲಿದ್ದಾಗ ಚಹಾ ಕುಡಿಯದೆ ತಾಸುಗಟ್ಟಲೆ ಕೂತರೂ ಯಾರೂ ಎಬ್ಬಿಸದ ಜಾಗ ಊರಲ್ಲಿ ಅದೊಂದೇ ಇತ್ತು. ಕೆಲಸ, ಸಂಸಾರ ಎಲ್ಲ ಬಂದ ಮೇಲೂ ತಿಂಗಳಿಗೊಂದು ರವಿವಾರ ಅದೇ ಬೆಂಚು. ಒಮ್ಮೆ ಟಿಕೆಟ್ ತಪಾಸಣೆಯವರು ಬಂದು ನಿಮ್ಮದು ಯಾವ ಗಾಡಿ ಎಂದು ಕೇಳಿದಾಗ ನೀನು ಗಂಭೀರವಾಗಿ ಹೇಳಿದ್ದು ನೆನಪಿದೆಯೇ? “ಮಾತು ಮುಗದ ಮ್ಯಾಲ ಬರೂ ಗಾಡಿರಿ.” ಆ ಮನುಷ್ಯ ಫಲಕದ ಕಡೆಗೊಮ್ಮೆ ನೋಡಿ ಸುಮ್ಮನೆ ಹೋದ.

ಹಸಿವಾದರೆ ಸ್ಟೇಷನ್ನಿನೆದುರಿಗೇ ನೀಲಕ್ಕನ ಖಾನಾವಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು, ಶೇಂಗಾ ಹಿಂಡಿ, ರವಿವಾರಕ್ಕೆಂದೇ ಹೂರಣದ ಹೋಳಿಗೆ. ಎಲ್ಲರೂ ರೊಟ್ಟಿ ಮುರಿಯುವಾಗ ನೀನು ಹೋಳಿಗೆಗೆ ಕೈ ಹಾಕುತ್ತಿದ್ದೆ. ರುದ್ರೇಶ ಮೇಷ್ಟ್ರ ಧಾಟಿಯಲ್ಲಿ ಗದರಿದರೆ ನಿನ್ನದೊಂದೇ ಉತ್ತರ: “ಖರೇ ಹಸಿವಿ ಇದ್ದಾಗ ಹೋಳಿಗಿ ತಿನಬೇಕಪಾ. ರೊಟ್ಟಿ ಹೆಂಗಿದ್ರೂ ಒಳಗ ಹೊಕ್ಕೈತಿ.” ಏಳುವಾಗ ಮತ್ತೊಂದನ್ನು ಕಟ್ಟಿಸಿಕೊಳ್ಳುತ್ತಿದ್ದೆ, ಮಹಾಬಳೇಶ್ವರನಿಗೆ. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ ನಿನ್ನ ಗಂಡ ನಿನ್ನ ಕುಶಲ ಕೇಳುವ ಮೊದಲು ಹೋಳಿಗೆಯ ಕುಶಲ ಕೇಳುತ್ತಿದ್ದನಂತೆ.

ಹೋದ ವರ್ಷಕ್ಕೂ ಹಿಂದಿನ ವರ್ಷ ಕಾರ್ತಿಕದಲ್ಲಿ ಅವನು ತೀರಿಹೋದ. ಬೀಜ-ಗೊಬ್ಬರದ ಅಂಗಡಿಯ ಬಾಗಿಲನ್ನು ನೀನು ತೆರೆದೆ, ಬೆಂಚಿಗೆ ಬರುವುದನ್ನು ನಿಲ್ಲಿಸಿದೆ. ವರ್ಷ ತುಂಬುವವರೆಗೆ ನಾವೂ ಒತ್ತಾಯ ಮಾಡಲಿಲ್ಲ. ತುಂಬಿದ ಮೇಲೆ ಕರೆದರೆ ‘ನೋಡೂಣು’, ಹೋಳಿಗೆಯ ಆಸೆ ತೋರಿಸಿದರೆ ಒಂದೇ ಮಾತು: “ನನಗ ಸಿಹಿ ನಡಿಯೂದಿಲ್ಲೋ ಸುಭಾಸ. ನೀವು ಉಣ್ರಿ.”

ಇಲ್ಲಿಂದ ನಮ್ಮ ಮೂವರ ಜಾಣತನದ ಕತೆ ಶುರು. ಸಿಹಿ ನಡೆಯದು ಎಂದರೆ ಸಕ್ಕರೆ ಬೇನೆ ಎಂದು ಬೆಂಚಿನ ಮೇಲೆ ಕೂತೇ ತೀರ್ಮಾನವಾಯಿತು. ರುದ್ರೇಶ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಮೆಂತ್ಯದ ನೀರು, ಬೆಳಗಿನ ನಡಿಗೆ ಎಂದು ನಿನಗೆ ಪಾಠ ಕಳಿಸತೊಡಗಿದ. ನಾನು ‘ಮಾತಾದರೂ ಸಿಹಿಯಾಗಿ ಆಡು, ಅದಕ್ಕೆ ಪಥ್ಯವಿಲ್ಲ’ ಎಂದು ಸಂದೇಶ ಹಾಕಿ ನನ್ನ ಚುರುಕಿಗೆ ನಾನೇ ಮೆಚ್ಚಿಕೊಂಡೆ. ರೂಪಾಲಿ ಇನ್ನೂ ಒಂದು ಹೆಜ್ಜೆ ಮುಂದೆ. ಹೋದ ವಾರ ಸಕ್ಕರೆಯಿಲ್ಲದ ಬಿಸ್ಕೀಟಿನ ದೊಡ್ಡ ಪೊಟ್ಟಣ ಹಿಡಿದು ನಿನ್ನ ಮನೆಗೇ ಹೋದಳು.

ನೀನು ಅಂಗಡಿಯಲ್ಲಿದ್ದೆ. ನಿನ್ನ ಅತ್ತೆ ಮಾಲವ್ವ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದೇನೆಂದು ಕೇಳಿದಳಂತೆ. ಇವಳು ಹೇಳಿದಳು. ಆಗ ಮಾಲವ್ವ ಆಡಿದ ಮಾತನ್ನು ರೂಪಾಲಿ ನಮಗೆ ಒಪ್ಪಿಸಿದಂತೆಯೇ ಬರೆಯುತ್ತೇನೆ.

“ಸಕ್ಕರಿ ಬ್ಯಾನಿ ಅಲ್ಲವಾ ತಂಗಿ. ಗಂಡ ಹ್ವಾದಾಕೀಗೆ ತವರಿನವರು ಬಂದು ಕರಕೊಂಡು ಹೋಗಿ ಮೊದಲನೇ ಸಿಹಿ ತುತ್ತು ಇಡಬೇಕು. ಅಲ್ಲೀತನಕ ಮುಟ್ಟಾಂಗಿಲ್ಲ. ನಮ್ಮ ಮನ್ಯಾಗ ಹಂಗ ನಡಕೋತ ಬಂದೈತಿ. ಅತ್ತಿ ಮನಿಯವರು ಇಡಾಂಗಿಲ್ಲ. ಮಗ ಹ್ವಾದ ಮ್ಯಾಲ ನನಗ ನನ್ನ ತಮ್ಮ ಈಶಪ್ಪ ಬಂದು ಇಟ್ಟು ಹ್ವಾದ. ಆಕಿ ಮುಂದ ಕುಂತು ನಾ ತಿಂದೆ. ಅವತ್ತಿಂದ ನನಗೂ ರುಚಿ ಹತ್ತವಲ್ದು. ತವರೂರು ಮಳಗ್ಯಾಗ ಆಕೀಗ್ಯಾರ ಅದಾರ ಹೇಳು? ಹೊರಗೊಂದು ಗಾಡಿ ನಿಂತ್ರ ಸಾಕು, ಬಾಗಲಾ ನೋಡತಾಳ.”

ನಿನ್ನೆ ಬೆಂಚಿನ ಮೇಲೆ ರೂಪಾಲಿ ಇದನ್ನು ಹೇಳಿ ಮುಗಿಸಿದಾಗ ಒಂದು ಗೂಡ್ಸ್ ಗಾಡಿ ಹಾದುಹೋಯಿತು. ಮೂವರೂ ಅದರ ಡಬ್ಬಿಗಳನ್ನೇ ಎಣಿಸಿದೆವು. ಊಟಕ್ಕೆ ಹೋದರೆ ರುದ್ರೇಶ ಹೋಳಿಗೆಯನ್ನು ತಾಟಿನಿಂದ ತೆಗೆದು ಹೊರಗಿಟ್ಟ. ನಿನ್ನ ಪಾಲನ್ನೂ ಸೇರಿಸಿ ತಿನ್ನುತ್ತಿದ್ದವನು! ನೀಲಕ್ಕ ಅವನಿಗೆ ಜ್ವರ ಬಂದಿದೆಯೇ ಎಂದು ಕೇಳಿದಳು.

ಹಾಗಾದರೆ ನಿನಗೆ ತವರಿನವರು ಯಾರೆಂಬ ಜಗಳ ಅಲ್ಲೇ ಹತ್ತಿತು. ಮಳಗಿ ಮುಂಡಗೋಡ ತಾಲೂಕಿನದು, ಆದ್ದರಿಂದ ತಾನೇ ಹಕ್ಕುದಾರ ಎಂದು ರುದ್ರೇಶ. ಕಾಲೇಜಿನ ಹಾಸ್ಟೆಲ್ಲಿನಲ್ಲಿ ನಿನ್ನ ಹಾಸಿಗೆಯ ಪಕ್ಕದ ಹಾಸಿಗೆ ತನ್ನದು ಎಂದು ರೂಪಾಲಿ. ಉಳವಿಯ ದಾರಿಯಲ್ಲಿ ನಿನ್ನ ಚಪ್ಪಲಿ ಹರಿದಾಗ ನನ್ನದನ್ನು ಕೊಟ್ಟು ಬರಿಗಾಲಲ್ಲಿ ನಡೆದವನು ನಾನು ಎಂದು ನಾನು. ಕೊನೆಗೆ ಮೂವರನ್ನೂ ತವರೆಂದೇ ಒಪ್ಪಿಕೊಂಡೆವು. ಮಿಕ್ಕಿದ್ದು ಒಂದೇ ತೊಡಕು. ಕರೆದೊಯ್ಯುವುದೆಲ್ಲಿಗೆ? ರುದ್ರೇಶ ತನ್ನ ಮನೆಗೆಂದ, ರೂಪಾಲಿ ಜೋಯಿಡಾಕ್ಕೆಂದಳು.

ನನಗೆ ನಿನ್ನದೇ ಮಾತು ನೆನಪಾಯಿತು. ನಿನ್ನ ಅವ್ವನೂ ತೀರಿಹೋದ ಮೇಲೆ ನೀನು ಮಳಗಿಯ ಮನೆಗೆ ಬೀಗ ಹಾಕಿಕೊಂಡು ನೇರವಾಗಿ ಸ್ಟೇಷನ್ನಿಗೆ ಬಂದಿದ್ದೆ. ಒಡಹುಟ್ಟಿದವರಿಲ್ಲ, ಹೇಳಿಕೊಳ್ಳಲು ಇನ್ನಾರೂ ಇಲ್ಲ. ಕೀಲಿಕೈಯನ್ನು ಬೆಂಚಿನ ಮೇಲಿಟ್ಟು, ಹಳಿಗಳ ಕಡೆ ನೋಡುತ್ತ ಹೇಳಿದ್ದೆ: “ಇನ್ನ ಮ್ಯಾಲ ಉಮಾ ಎಲ್ಲಿಯಾಕಿ ಅಂತ ಯಾರರೆ ಕೇಳಿದ್ರ, ಈ ಬೆಂಚಿನಾಕಿ ಅಂತ ಹೇಳ್ರಿ.”

ಹೇಳಿದ್ದೇವೆ. ಈಗ ಹಿಂದೆ ಸರಿಯಲು ನಿನಗೆ ಬರುವುದಿಲ್ಲ. ಮಳಗಿಗೆ ಬೀಗ ಬಿದ್ದ ದಿನವೇ ನಿನ್ನ ತವರನ್ನು ನೀನೇ ಧಾರವಾಡ ಸ್ಟೇಷನ್ನಿಗೆ ವರ್ಗ ಮಾಡಿಸಿಕೊಂಡಿದ್ದೀ. ಅಲ್ಲಿ ನೀಲಕ್ಕನ ಒಲೆ ಇದೆ, ನಿನ್ನ ಜಾಗ ಇದೆ, ಮೂವರು ಜಗಳಗಂಟ ಒಡಹುಟ್ಟಿದವರಿದ್ದೇವೆ. ತವರಿಗೆ ಇನ್ನೇನು ಬೇಕು?

ಆದ್ದರಿಂದ ಕೇಳು. ಬರುವ ರವಿವಾರ ಬೆಳಿಗ್ಗೆ ರುದ್ರೇಶನ ಜೀಪು ನಿನ್ನ ಮನೆಯ ಮುಂದೆ ನಿಲ್ಲುತ್ತದೆ. ತಾನಾಗಿಯೇ ನಿಲ್ಲುವ ಜೀಪು ಅದು, ಹೊರಡಿಸುವುದೇ ಕಷ್ಟ. ನೂಕಬೇಕಾದರೆ ನಾವು ನೂಕುತ್ತೇವೆ, ನೀನು ಒಳಗೇ ಕೂತಿರು. ಬಾಗಿಲಿಗೆ ಬಂದು ಕರೆಯುತ್ತೇವೆ, ಫೋನು ಮಾಡುವುದಿಲ್ಲ. ಅಂಗಡಿಯ ನೆಪ ಹೇಳಬೇಡ. ಗಲ್ಲಾಪೆಟ್ಟಿಗೆಯ ಮುಂದೆ ತಾನು ಕೂಡುತ್ತೇನೆಂದು ಮಾಲವ್ವ ಆಗಲೇ ರೂಪಾಲಿಗೆ ಮಾತು ಕೊಟ್ಟಿದ್ದಾಳೆ.

ತವರಿನವರು ಬರಿಗೈಯಲ್ಲಿ ಬರಬಾರದಲ್ಲ. ಸೀರೆಯ ಮಾತೆತ್ತಲು ನಮಗೆ ಅಳುಕಿತ್ತು. ಯಾವ ಸೀರೆ ತಂದರೆ ಮನೆಯಲ್ಲಿ ಏನಂದಾರೋ ಎಂದು ರೂಪಾಲಿ ಮತ್ತೆ ಫೋನು ಮಾಡಿ ಮಾಲವ್ವನನ್ನೇ ಕೇಳಿದಳು. ಮಾಲವ್ವ ಹೇಳಿದ್ದಿಷ್ಟು: “ಬಣ್ಣದ್ದ ತರ್ರಿ. ಬಿಳೇದ ತಂದ್ರ ನಾ ಬಾಗಲಾ ತಗಿಯೂದಿಲ್ಲ.” ಹಸಿರು ತಂದಿದ್ದೇವೆ, ಇಳಕಲ್ಲಿನದು, ಕೆಂಪು ಸೆರಗು.

ನೀನು ಬರದೇ ಹೋದರೆ? ನಿನ್ನ ಅಂಗಡಿಯ ಯೂರಿಯಾ ಚೀಲಗಳ ಮೇಲೆ ಕೂತುಬಿಡುತ್ತೇವೆ. ಬಂದ ಗಿರಾಕಿಗೆಲ್ಲ ನಾನು ನಗೆಹನಿ ಹೇಳುತ್ತೇನೆ. ನಿನ್ನ ವ್ಯಾಪಾರ ಎಷ್ಟು ಹೊತ್ತು ಉಳಿದೀತು, ನೀನೇ ಅಂದಾಜು ಮಾಡು. ಆ ರವಿವಾರ ಆಗದಿದ್ದರೆ ಮುಂದಿನದು, ಅದೂ ಅಲ್ಲದಿದ್ದರೆ ಅದರ ಮುಂದಿನದು. ನೀನು ತಿನ್ನುವವರೆಗೆ ಹೋಳಿಗೆ ನಮಗೂ ನಿಷಿದ್ಧ. ರುದ್ರೇಶನ ಮೇಲಾದರೂ ಕರುಣೆಯಿರಲಿ.

ತುತ್ತು ಯಾರು ಇಡಬೇಕೆಂಬುದೂ ತೀರ್ಮಾನವಾಗಿದೆ. ಒಂದೇ ತುತ್ತು, ಮೂರು ಕೈ. ತುಪ್ಪ ಖಂಡಿತ ಸೋರುತ್ತದೆ, ಹೊಸ ಸೀರೆಯನ್ನು ನೀನೇ ಕಾಯ್ದುಕೊ. ಅಳು ಬಂದರೆ ಅಳು, ನಮಗೂ ಬರುತ್ತದೆ. ಅಗಿಯುವುದನ್ನು ಮಾತ್ರ ನಿಲ್ಲಿಸಬೇಡ.

ಏಳುವಾಗ ಎಂದಿನಂತೆ ಒಂದು ಹೋಳಿಗೆ ಕಟ್ಟಿಸಿಕೊಳ್ಳೋಣ. ಬಸ್‌ಸ್ಟ್ಯಾಂಡಿನಲ್ಲಿ ಅದರ ಕುಶಲ ಕೇಳುವವನು ಈಗ ಇಲ್ಲ. ಅದನ್ನು ಮನೆಗೆ ಒಯ್ದು ಮಾಲವ್ವನ ಮುಂದೆ ಬಿಚ್ಚು. ಅರ್ಧ ಆಕೆಗೆ ಕೊಟ್ಟು, ಅರ್ಧ ನೀನು ಆಕೆಯ ಕಣ್ಣೆದುರಿಗೇ ತಿನ್ನು. ಆಕೆಗೂ ರುಚಿ ಹತ್ತಬೇಕಲ್ಲ.

ಸಿಹಿ ರವಿವಾರಕ್ಕೆ, ಇವತ್ತಿಗೆ ಸಹಿ ಮಾತ್ರ. ತಣ್ಣಗಿರವ್ವಾ, ನಮ್ಮ ಮನೆಮಗಳೇ. ಬಾಗಿಲು ನೋಡುತ್ತಿರು, ಈ ಸಲ ಗಾಡಿ ನಿನಗಾಗಿಯೇ ನಿಲ್ಲುತ್ತದೆ.

ನಿನ್ನ ತವರಿನ ಕಡೆಯ,
ಸುಭಾಸ