ಒದ್ದೆ ಒರೆಯೊಳಗಿನ ಚಾಕು

ಅಪ್ಪಾ,

ನನ್ನ ಕ್ಯಾಂಪಿನ ಚಾಕು ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಬೆಳಿಗ್ಗೆ ಒರೆಯಿಂದ ಎಳೆದ್ರೆ ಅಲಗಿನ ತುಂಬಾ ತುಕ್ಕು! ಒರೆ ಇನ್ನೂ ಒದ್ದೆ. ಏನೋ ಹೊಲಿಯೋಕೆ ಒರೆಯ ಚರ್ಮ ನೆನೆಸಿದೀಯ, ಸರಿ. ಅದು ಒಣಗೋ ಮುಂಚೆ ಚಾಕು ಒಳಗೆ ತುರುಕಬಾರದು ಅಂತ ನಲವತ್ತು ವರ್ಷ ಬ್ಯಾಗ್ ಹೊಲಿದವನಿಗೆ ಗೊತ್ತಾಗಲ್ವಾ? ಅದೇನು ಅಡುಗೆಮನೆ ಸ್ಟೀಲ್ ಚಾಕು ಅಲ್ಲ, ನೀರು ಸೋಕಿದ್ರೆ ಸಾಕು, ಕೆಂಪಾಗುತ್ತೆ.

ಇವತ್ತು ಇಪ್ಪತ್ತು ಮಕ್ಕಳನ್ನ ಕಾಡಿಗೆ ಕರ್ಕೊಂಡು ಹೋಗ್ಬೇಕು. ಹಗ್ಗ ಕುಯ್ಯೋಕೆ, ಡೇರೆಗೆ ಗೂಟ ಕೆತ್ತೋಕೆ, ಸೌದೆ ಸೀಳೋಕೆ ನನಗಿರೋದು ಅದೊಂದೇ. ತಿಂಡಿ ಬಿಟ್ಟು ಅರ್ಧ ಗಂಟೆ ಎಣ್ಣೆ ಹಾಕಿ ಉಜ್ಜಿದೆ. ಕಲೆ ಹೋಗ್ಲೇ ಇಲ್ಲ.

ನೀನು ವಾಕಿಂಗಿಂದ ಬರೋವರೆಗೆ ಕಾಯೋಕಾಗಲ್ಲ, ವ್ಯಾನು ಬರುತ್ತೆ. ಹಾಲು ಕಾಯಿಸಿಟ್ಟಿದೀನಿ. ಬಿಪಿ ಮಾತ್ರೆ ನುಂಗು, ಮರೆತೆ ಅಂತ ಕಥೆ ಹೇಳ್ಬೇಡ. ನಾನು ಬರೋವರೆಗೂ ನನ್ನ ಬೂಟು, ಟಾರ್ಚು ಯಾವುದಕ್ಕೂ ರಿಪೇರಿ ಅಂತ ಕೈ ಹಾಕ್ಬೇಡ. ಕೈ ಮುಗೀತೀನಿ.

ಚಾಕುನ ಬಟ್ಟೇಲಿ ಸುತ್ತಿದೀನಿ. ದಾರೀಲಿ ಒಣಗ್ಲಿ ಅಂತ ಒರೇನ ಈಗ ಬೆಲ್ಟಿಗೆ ಹಾಕ್ಕೊಂಡೆ. ಆಗ ನೋಡಿದ್ದು. ಎಡಗೈಯವಳು ನನಗೆ ಸರಿಯಾಗ್ಲಿ ಅಂತ ಬೆಲ್ಟಿಗೆ ಸಿಗಿಸೋ ಪಟ್ಟಿ ಬಿಚ್ಚಿ ಇನ್ನೊಂದು ಬದಿಗೆ ಹೊಲಿದಿದೀಯ. ಬಲಗೈಯವರ ಒರೆ ಕಟ್ಕೊಂಡು ಎರಡು ವರ್ಷ ಒದ್ದಾಡಿದೀನಿ, ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ.

ಬೈದಿದ್ದನ್ನ ಹೊಡೆದುಹಾಕಲ್ಲ, ತುಕ್ಕು ತುಕ್ಕೇ. ಆದ್ರೆ ನಾನು ಒದ್ದಾಡೋದನ್ನ ನೀನು ಯಾವಾಗ ನೋಡ್ದೆ, ಅಪ್ಪಾ?