ಮೂರನೇ ಕೈ

ಹೊಣಕೆರೆ
೧೮-೩-೧೯೯೭

ಸೋಮಮ್ಮನಿಗೆ,

ಉಭಯ ಕುಶಲೋಪರಿ ಅಂತ ಶುರು ಮಾಡೋಣವೆಂದರೆ ನಿನ್ನ ಕುಶಲ ನನಗೆ ಗೊತ್ತಿಲ್ಲ, ನನ್ನ ಕುಶಲ ನಿನಗೆ ಬೇಕಿಲ್ಲ. ಕುಶಲ ಕಳೆದರೆ ಉಳಿಯೋದು ಬರೀ ಉಪರಿ. ಅದನ್ನೇ ಬರೆಯುತ್ತಿದ್ದೇನೆ. ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದರೆ ಬೇಜಾರು ಮಾಡ್ಕೋಬೇಡ.

ನೀನು ಕೆ.ಆರ್. ಪೇಟೆಗೆ ನಿಮ್ಮಣ್ಣನ ಮನೆಗೆ ಹೋಗಿ ಮೂರು ತಿಂಗಳಾಯಿತು. ತಪ್ಪು ನನ್ನದೇ. ಮೋಟಾರ್ ಸೈಕಲ್ಲಿನಿಂದ ಬಿದ್ದು ಕಾಲು ಮುರಿದಿದೆ ಅಂತ ಗೆಳೆಯ ದಾಸಯ್ಯನಿಗೆ ಸುಳ್ಳು ಹೇಳಿ ನಿನ್ನ ಹತ್ತಿರ ಓಡಿಸಿದೆ. ಅವನೂ ನಂಬಿದ. ನೀನು ರಾಗಿ ಕುಯ್ಯೋದು ಬಿಟ್ಟು ಬರಿಗಾಲಲ್ಲಿ ಬಸ್ಸು ಹತ್ತಿ ನಾಗಮಂಗಲದ ಆಸ್ಪತ್ರೆಗೆ ಬಂದೆ. ನಾನು ಎದುರಿನ ಹೋಟೆಲಿನಲ್ಲಿ ಉದ್ದಿನವಡೆ ತಿನ್ನುತ್ತಾ ನಗುತ್ತಾ ಕೂತಿದ್ದೆ. ಗಾಡಿ ಹತ್ತು, ಮನೆಗೆ ಹೋಗೋಣ ಅಂದಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಈ ಕರೀ ಗಾಡಿ ಮ್ಯಾಲೆ ಇನ್ನು ನಾನು ಕೂರಕಿಲ್ಲ. ನೀನು ದಿಟ್ವಾಗ್ಲೂ ಬಿದ್ದ ದಿನ ಯಾರು ಬತ್ತಾರೋ ನೋಡ್ಕೋ." ಅಷ್ಟು ಹೇಳಿ ಪೇಟೆ ಬಸ್ಸು ಹತ್ತಿದೆ.

ಕೂರೋದಿಲ್ಲ ಅಂದಿದ್ದು ಕರೀ ಗಾಡಿ ಮೇಲೆ ತಾನೆ? ಬಣ್ಣ ಬದಲಾಯಿಸಿದರೆ ನಿನ್ನ ಮಾತೂ ಉಳೀತದೆ, ಹಿಂದಿನ ಸೀಟೂ ತುಂಬ್ತದೆ ಅಂತ ಉಪಾಯ ಹೂಡಿದೆ. ನಾಗಮಂಗಲದ ಅಂಗಡಿಯಲ್ಲಿ ಮುಚ್ಚಳ ನೋಡಿ ನೋಡಿ ನಿನ್ನ ಬಳೆಯ ಹಸಿರಿನದೇ ಮೂರು ಸ್ಪ್ರೇ ಡಬ್ಬಿ ಆರಿಸಿದೆ. ಅಂಗಡಿಯವನು, "ಚೆನ್ನಾಗಿ ಅಲ್ಲಾಡ್ಸಿ, ಗೇಣು ದೂರದಿಂದ ಹೊಡೀರಿ ಯಜಮಾನ್ರೆ. ಒಂದು ಒಣಗಿದ ಮ್ಯಾಲೆ ಇನ್ನೊಂದು, ಮೂರು ಕೈ ಬೀಳ್ಬೇಕು" ಅಂದ. "ದೇವ್ರು ಕೊಟ್ಟಿರೋದೇ ಎರಡು ಕೈ ಕಣಪ್ಪ" ಅಂದೆ. ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ.

ಎರಡು ದಿನ ಉಪ್ಪುಕಾಗದದಲ್ಲಿ ಹಳೆ ಬಣ್ಣ ಉಜ್ಜಿದೆ. ಹೆಡ್‌ಲೈಟು, ಸೀಟು, ಚಕ್ರಕ್ಕೆಲ್ಲ ಹಳೆ ಪೇಪರು ಸುತ್ತಿದೆ. ಹೊರಗಡೆ ಧೂಳು ಕೂರ್ತದೆ ಅಂತ ಕೊಟ್ಟಿಗೆಗೆ ತಳ್ಳಿಕೊಂಡು ಹೋದೆ. ಡಬ್ಬಿಯೊಳಗೆ ಒಂದು ಗೋಲಿ ಇರ್ತದೆ, ಅದು ಕಟಕಟ ಅನ್ನೋವರೆಗೂ ಅಲ್ಲಾಡಿಸಬೇಕು. ಅಷ್ಟಕ್ಕೇ ತೋಳು ಬಿದ್ದುಹೋಯಿತು. ಹತ್ತಿರ ಹಿಡಿದ ಕಡೆಯೆಲ್ಲ ಟ್ಯಾಂಕು ಅತ್ತ ಹಾಗೆ ಬಣ್ಣ ಸೋರಿದೆ. ಎರಡು ಕೈ ಮುಗಿಸಿ, ಬೆನ್ನು ನೆಟ್ಟಗಾಗದೆ ಅಲ್ಲೇ ಕೂತಿದ್ದಾಗ ದಾಸಯ್ಯ ಬಂದ.

"ಏನ್ಲಾ ಮರಿಯಯ್ಯ, ಮುದುಕ್ನಾದ್ ಮ್ಯಾಲೆ ಕೆಂಪು ಗಾಡಿ. ಯಾವ ಕಡೀಕ್ಲಾ ಸವಾರಿ?"

"ಅಸ್ರು ಕಣ್ಲಾ. ಕಣ್ಣು ಬುಟ್ಟು ನೋಡು."

"ಬುಡ್ಲಾ, ನಿನ್ ತಮಾಸೆ ನಂತಾವ ಬ್ಯಾಡ" ಅಂದು ಹೋಗೇಬಿಟ್ಟ.

ಕಾಲು ಮುರಿದ ಸುಳ್ಳಿಗೆ ಸೇಡು ತೀರಿಸ್ತಾ ಇದ್ದಾನೆ ಅಂದುಕೊಂಡೆ. ನಾನು ಬಳಿದದ್ದು ವೀಳ್ಯದೆಲೆ ಹಸಿರು, ಅವನು ಅಗಿದ ಮೇಲಿನ ಕೆಂಪು ಅಂತಾನೆ, ನನ್ನನ್ನ ಉಗಿಯೋಕೆ ಹೊಸ ದಾರಿ ಕಂಡುಕೊಂಡ ಅಂತ ಒಬ್ಬನೇ ನಕ್ಕೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆ ಕುಳ್ಳಮ್ಮ ಎದೆ ಬಡಿದುಕೊಂಡು ಬಂದಳು. ಅವಳ ಬಿಳಿ ಕೋಳಿ ಕೊಟ್ಟಿಗೆಗೆ ನುಗ್ಗಿ ನನ್ನ ಪಿಚಕಾರಿಗೆ ಸಿಕ್ಕಿತ್ತಂತೆ. "ನಾಯಿ ಕಚ್ಚಾಕ್ಬುಡ್ತು ಅಂತ ನನ್ ಜೀವ್ವೇ ಓಯ್ತು ಕಣಣ್ಣ. ಕುಯ್ದಂಗೆ ಕೆಂಪಗಾಗ್ಬುಟ್ಟದೆ ನನ್ ಕೋಳಿ" ಅಂತ ಅತ್ತಳು. ಕಂಕುಳಲ್ಲಿದ್ದ ಕೋಳಿಯನ್ನು ನೋಡಿದೆ. ಹಸಿರು ಕೋಳಿ. ಗಿಣಿಯ ಹಾಗಿತ್ತು.

ಸೋಮಿ, ದಾಸಯ್ಯ ಆಟ ಕಟ್ಟಬಲ್ಲ. ಕುಳ್ಳಮ್ಮನಿಗೆ ಸುಳ್ಳು ಅಳು ಬರೋದಿಲ್ಲ. ಅಥವಾ ಬರ್ತದೋ. ಊರಿಗೆಲ್ಲ ಟೋಪಿ ಹಾಕಿದವನಿಗೆ ಈಗ ಯಾರ ಮಾತು ನಂಬಬೇಕು ಅನ್ನೋದೇ ತಿಳೀತಿಲ್ಲ. ಬದುಕೆಲ್ಲ ಕಣ್ಕಟ್ಟು ಮಾಡ್ಕೊಂಡು ಬಂದೆ, ಈಗ ಕಣ್ಣೇ ಕಟ್ಟಿತೋ ಏನೋ. ಮೊನ್ನೆ ಗಾಡಿ ತಗೊಂಡು ನಾನೇ ನಿನ್ನ ಹತ್ತಿರ ಬರೋಣವೆಂದು ಹೊರಟೆ. ಕೆರೆ ಏರಿ ಮೇಲೆ ಎದುರಿಗೆ ಬರುತ್ತಿದ್ದ ಎಮ್ಮೆ, ಕೊಂಬು ತಗಲುವಷ್ಟು ಹತ್ತಿರವಾದ ಮೇಲೇ ಕಂಡಿದ್ದು. ಅಲ್ಲಿಂದ ಮನೆವರೆಗೂ ಗಾಡಿ ತಳ್ಳಿಕೊಂಡು ಬಂದೆ.

ನಲವತ್ತು ವರ್ಷದಲ್ಲಿ ನೀನು ಬೈದಿದ್ದೀಯ, ಮುನಿಸಿಕೊಂಡು ಮಾತು ಬಿಟ್ಟಿದ್ದೀಯ, ಒಂದು ಸುಳ್ಳು ಹೇಳಿಲ್ಲ. ಬಂದು ಗಾಡಿ ಯಾವ ಬಣ್ಣ ಅಂತ ಹೇಳು, ಸಾಕು. ನೀನು ಅಂದದ್ದೇ ಬಣ್ಣ. ಮೂರನೇ ಕೈ ಹಾಗೇ ಉಳಿಸಿದ್ದೇನೆ. ಅದು ನನ್ನ ಹತ್ತಿರ ಇಲ್ಲ, ಪೇಟೆಯಲ್ಲಿದೆ. ಜನರನ್ನು ನಗಿಸಿ, ಜನರ ಮೇಲೆ ನಕ್ಕು ದಣಿದಿದ್ದೇನೆ ಕಣೆ.

ಇಂತಿ,
ಬಣ್ಣ ಬಯಲಾದ
ಮರಿಯಯ್ಯ

ತಾ.ಕ.: ಇದೂ ಒಂದು ಆಟ ಅಂದ್ಕೋತೀಯ ಅಂತ ಗೊತ್ತು. ಮೇಲೆ ಬರೆಯೋಕೆ ಧೈರ್ಯ ಬರಲಿಲ್ಲ, ನಿನ್ನೆ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಆಪರೇಶನ್ ಮಾಡಬೇಕು, ಮನೆಯವರನ್ನು ಕರ್ಕೊಂಡೇ ಬನ್ನಿ ಅಂದರು. ಅದಕ್ಕೆ ಈ ಕಾಗದದ ಬೆನ್ನಿಗೆ ಅದೇ ಡಬ್ಬಿಯಿಂದ ಒಂದು ಸಲ ಹೊಡೆದಿದ್ದೇನೆ. ತಿರುಗಿಸಿ ನೋಡು. ಹಸಿರಾಗಿದ್ದರೆ ಒಲೆಗೆ ಹಾಕು. ಕೆಂಪಾಗಿದ್ದರೆ ಬಾ. ಈಗಷ್ಟೇ ಬಿಸಿಲಿಗೆ ಹಿಡಿದು ನಾನೂ ನೋಡಿದೆ. ನನಗೆ ಹಸಿರಾಗೇ ಕಾಣ್ತಿದೆ.