ಬೆಂಚಿನ ಮೇಲಿನ ಟವೆಲ್

ಮಧುಗಿರಿ
14 ಮೇ 2021

ಅನಸೂಯ,

ನಿನ್ನ ಮಿಸ್ಡ್ ಕಾಲ್‌ಗಳನ್ನೆಲ್ಲ ನೋಡಿದೆ. ಬೇಕೆಂದೇ ಎತ್ತಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಕಾಗದದಲ್ಲಾದರೆ ಹೇಗೋ ಹೇಳಿಬಿಡುತ್ತೇನೆ.

ಕೊರೊನಾ ಸೂಜಿ ಹಾಕಿಸಿಕೊಳ್ಳದೆ ನಿಮ್ಮವ್ವ ಬಾಣಂತನಕ್ಕೆ ಬರುವುದು ಬೇಡವೆಂದು ಶಿರಾದಲ್ಲಿ ನಿನ್ನ ಅತ್ತೆ ಹಟ ಹಿಡಿದಿದ್ದಾರೆ, ಹೆರಿಗೆ ಹತ್ತಿರ ಬಂತು, ತವರು ರಾಯಚರ್ಲಿನಿಂದ ಅವ್ವ ಯಾಕಿನ್ನೂ ಬಂದಿಲ್ಲ ಎಂದು ಮೆಸೇಜಿನಲ್ಲಿ ಕೇಳಿದ್ದೀಯ. ಅವರು ಬರದಂತೆ ಮಾಡಿದವರಲ್ಲಿ ನಾನೂ ಒಬ್ಬಳು.

ಹೋದ ತಿಂಗಳ ನನ್ನ ಪತ್ರ ನೆನಪಿದೆಯಾ? ಶ್ರೀಮಂತ ದೇಶಗಳು ತಮ್ಮ ಜನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಲಸಿಕೆ ಮೊದಲೇ ಕಾದಿರಿಸಿಕೊಂಡಿವೆ, ಬಡ ದೇಶಗಳಲ್ಲಿ ನರ್ಸುಗಳಿಗೇ ಒಂದು ಡೋಸ್ ಇಲ್ಲ ಎಂದು ಪುಟಗಟ್ಟಲೆ ಸಿಟ್ಟು ಮಾಡಿಕೊಂಡಿದ್ದೆ. ಗೊರವನಹಳ್ಳಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋರ ಹಾಗೆ ಕಣೇ, ಟವೆಲ್ ಇಲ್ಲದೋರು ನಿಂತೇ ಹೋಗಬೇಕು ಎಂದು ನೀನು ಉತ್ತರ ಬರೆದಿದ್ದೆ.

ಮೊನ್ನೆ ಗೌರೀಶಣ್ಣನ ಫೋನಿನಲ್ಲಿ ಮಧುಗಿರಿಯ ಜಾಗವೆಲ್ಲ ತುಂಬಿತ್ತು. ನಿನ್ನ ತವರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಖಾಲಿ ಕಾಣಿಸಿತು. ಅಣ್ಣ, ಅತ್ತಿಗೆ, ನಾನು, ಮೂವರಿಗೂ ಬುಕ್ ಮಾಡಿ ಕಾರಿನಲ್ಲಿ ಹೋದೆವು. ಒಂದು ಫೋನಿನಲ್ಲಿ ನಾಲ್ವರ ಹೆಸರು ಸೇರಿಸಬಹುದಿತ್ತು. ಅದು ನೆನಪಾದದ್ದು ಮನೆಗೆ ಬಂದ ಮೇಲೆ.

ಅಲ್ಲಿ ಬೆಂಚಿನ ತುದಿಗೆ ಕೆಂಪಂಚಿನ ಟವೆಲ್ ಹಾಸಿತ್ತು. ಬಿಸಿಲಿಗೆ ಸುಸ್ತಾಗಿತ್ತು. ಪಕ್ಕಕ್ಕೆ ಸರಿಸಿ ಕೂತೆ. ಹೆಸರು ಕರೆದರು, ಹಾಕಿಸಿಕೊಂಡು ಹೊರಗೆ ಬಂದೆ. ಅಷ್ಟರಲ್ಲಿ ನಿಮ್ಮವ್ವ ನೀರು ಕುಡಿದು ಬಂದು, ಆ ಟವೆಲ್ ಎತ್ತಿ ಹಿಡಿದು, ಬೆಳಗ್ಗೆನೇ ಹಾಕಿವ್ನಿ, ನಂದೇ ಫಸ್ಟು ಎಂದು ಜಗಳಕ್ಕೆ ನಿಂತಿದ್ದರು. ನಲವತ್ತೈದು ತುಂಬದವರಿಗೆ ಫೋನಿನಲ್ಲಿ ಬುಕ್ ಆಗಿದ್ದರೆ ಮಾತ್ರ ಎಂದರು ಸಿಸ್ಟರ್. ಫೋನ್ಗೆ ಹಾಕೋ ಟವಲ್ ಹೆಂಗಿರ್ತದೆ ತೋರ್ಸವ್ವ, ನಾನೂ ಒಂದ್ ತತ್ತೀನಿ ಎಂದರು ನಿಮ್ಮವ್ವ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅನಸೂಯ.

ಮಾಸ್ಕಿದ್ದರೂ ಅವರು ನನ್ನ ಗುರುತು ಹಿಡಿದರು. ನಿಂಗೂ ಸಿಗಲಿಲ್ವೇನಮ್ಮ ಎಂದು ಕೇಳಿದರು. ತೋಳಿನ ಹತ್ತಿಯ ಮೇಲೆ ದುಪಟ್ಟಾ ಎಳೆದುಕೊಂಡು ಇಲ್ಲ ಎಂದುಬಿಟ್ಟೆ. ಮಖ ಸಣ್ಣದ್ ಮಾಡ್ಕೋಬ್ಯಾಡ ಕಣಮ್ಮ, ಇನ್ನೊಂದ್ ದಪ ನಿಂದೂ ಟವಲ್ ನಾನೇ ಹಾಕಿರ್ತೀನಿ, ನಂಬರ್ ಕೊಡು ಎಂದರು. ಚೀಟಿಯಲ್ಲಿ ಬರೆದುಕೊಟ್ಟು ಕಾರು ಹತ್ತಿದೆ.

ಅವರ ಆಧಾರ್ ನಂಬರ್ ಕಳಿಸು. ಆ ನಾಲ್ಕನೇ ಜಾಗಕ್ಕೆ ಅವರ ಹೆಸರು ಸೇರಿಸುತ್ತೇನೆ. ಎಲ್ಲಿ ಸಿಕ್ಕರೂ ಅಣ್ಣನನ್ನು ಒಪ್ಪಿಸಿ ಕಾರಿನಲ್ಲಿ ಕರೆದುಕೊಂಡು ಹೋಗಿ, ಅಲ್ಲಿಂದ ನಿನ್ನ ಹತ್ತಿರವೇ ಬಿಡುತ್ತೇನೆ. ಇಷ್ಟರಿಂದ ಎಲ್ಲ ಸರಿಹೋಯಿತು ಎಂದುಕೊಂಡು ಬರೆಯುತ್ತಿಲ್ಲ. ನಿಜ ಹೇಳಿಬಿಡಬೇಕು ಅನ್ನಿಸಿತು, ಹೇಳಿದೆ.

ನಿನ್ನ ಮುಖ ನೋಡಲು ನಾಚುವ,
ಭವ್ಯ

ತಾ.ಕ.: ಲಕೋಟೆ ಅಂಟಿಸುವಾಗ ಯಾರದೋ ಫೋನಿನಿಂದ ನಿಮ್ಮವ್ವ ಕರೆ ಮಾಡಿದರು. ಎಲ್ಡು ಟವಲ್ ಹಾಕಿವ್ನಿ, ನೀನು ಸಣ್ಣೋಳು ಅಂತ ನಿಂದು ನನ್ನ ಮುಂದ್ಕೆ ಹಾಕಿವ್ನಿ, ಜಲ್ದಿ ಬಾರಮ್ಮ ಎಂದರು. ಆಧಾರ್ ನಂಬರ್ ಕೇಳಲು ಬಾಯಿ ಬರಲಿಲ್ಲ. ಬರ್ತಾ ಇದೀನಿ ಎಂದೆ.